ಸ್ಟೋರಿವೀವರ್, ಎರಡು ವರ್ಷ ಬಳಸಿದ ಮೇಲೆ: ಹಂತ ನೋಡಬೇಡಿ, ಒತ್ತಕ್ಷರ ನೋಡಿ

ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಜಾಲತಾಣದಲ್ಲಿ ಮಕ್ಕಳ ಚಿತ್ರಪುಸ್ತಕಗಳನ್ನು ಕನ್ನಡದಲ್ಲೇ ಓದಬಹುದು, ಪಿಡಿಎಫ್ ಇಳಿಸಿಕೊಳ್ಳಬಹುದು. ಕಾಸು ಕೊಡಬೇಕಿಲ್ಲ. 3ರಿಂದ 7 ವರ್ಷದ ಮಗುವಿರುವ ಮನೆಗೆ 5ಕ್ಕೆ 4 ಅಂಕ. ಒಂದು ಅಂಕ ಕಳೆದದ್ದು ಹಂತಗಳ ವಿಚಾರಕ್ಕೆ.

ಪುಸ್ತಕಗಳಿಗೆ 4 ಹಂತಗಳಿವೆ. ಸುಮಾರು 250 ಪದಗಳೊಳಗಿದ್ದರೆ 1ನೇ ಹಂತ, 600ರವರೆಗೆ 2, 1500ರವರೆಗೆ 3. ಆದರೆ ಕನ್ನಡ ಓದಲು ಕಲಿಯುವ ಮಗು ಮುಗ್ಗರಿಸುವುದು ಒತ್ತಕ್ಷರದಲ್ಲಿ, ಪದಗಳ ಎಣಿಕೆಯಲ್ಲಲ್ಲ. ಅನುವಾದಗಳೇ ಬಹಳ ಇರುವುದರಿಂದ ಮೂಲದಲ್ಲಿ ಪುಟ್ಟ ಪದವಿದ್ದ ಕಡೆ ಕನ್ನಡದಲ್ಲಿ ‘ನಕ್ಷತ್ರ’, ‘ಆಶ್ಚರ್ಯ’ ಬಂದು ಕೂರುತ್ತವೆ. ಹಂತ ಮಾತ್ರ 1 ಎಂದೇ ಉಳಿಯುತ್ತದೆ. ನಡುವಿನ ಎರಡು ಪುಟ ತೆರೆದು ಒತ್ತಕ್ಷರ ಎಣಿಸಿ. ಅಪ್ಪ, ಬೆಕ್ಕು ಥರದ ಸಜಾತೀಯ ಒತ್ತು ತೊಂದರೆ ಕೊಡುವುದಿಲ್ಲ. ವಿಜಾತೀಯ ಒತ್ತು ಪುಟಕ್ಕೆ ಮೂರ್ನಾಲ್ಕು ದಾಟಿದರೆ ಅದು ನೀವು ಓದಿ ಹೇಳಬೇಕಾದ ಪುಸ್ತಕ. ಅರ್ಕಾವತ್ತು ಎಲ್ಲಕ್ಕಿಂತ ತುಂಟ: ಉಚ್ಚಾರದಲ್ಲಿ ಮೊದಲು, ಬರಹದಲ್ಲಿ ಆಮೇಲೆ. ಹಾಗಾಗಿ ‘ಸೂರ್ಯ’ ಮಗುವಿನ ಬಾಯಲ್ಲಿ ‘ಸೂಯರ್’ ಆಗುತ್ತದೆ. ತಪ್ಪು ಮಗುವಿನದಲ್ಲ.

ಇಲ್ಲಿ ಯಾರು ಬೇಕಾದರೂ ಅನುವಾದ ಮಾಡಬಹುದು. ಒಂದೇ ಕಥೆಗೆ ಎರಡು ಕನ್ನಡ ರೂಪ ಸಿಕ್ಕರೆ ಎರಡನ್ನೂ ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ನಾಲಿಗೆ ತಡವರಿಸಿದ್ದನ್ನು ಬಿಡಿ. ಓದಿ ಹೇಳುವಾಗ ‘ಹೋಗುತ್ತಾನೆ’ಯನ್ನು ಮನೆಮಾತಿನಂತೆ ‘ಹೋಗ್ತಾನೆ’, ‘ಹೊಕ್ಕಾನ’ ಎಂದುಬಿಟ್ಟರೆ ನಾಲ್ಕು ವರ್ಷದೊಳಗಿನವರು ಹೆಚ್ಚು ಹೊತ್ತು ಕೂರುತ್ತಾರೆ.

ಫೋನಿಗಿಂತ ಕಾಗದ ವಾಸಿ. ಆದರೆ ಅಡ್ಡ ಪುಟದ ಪುಸ್ತಕಕ್ಕೆ ಪ್ರಿಂಟರಿನ ‘ಬುಕ್‌ಲೆಟ್’ ಆಯ್ಕೆ ಹಾಕಿದರೆ ಅಕ್ಷರ ಇರುವೆಯಷ್ಟಾಗುತ್ತದೆ. ಎ4 ಹಾಳೆಯನ್ನು ಉದ್ದಕ್ಕಿಟ್ಟು ಒಂದರ ಕೆಳಗೊಂದು ಎರಡು ಪುಟ, ಒಂದೇ ಮಗ್ಗುಲಿಗೆ ಮುದ್ರಿಸಿ. 16 ಪುಟಕ್ಕೆ 8 ಹಾಳೆ ಸಾಕು. ನಡುವೆ ಕತ್ತರಿಸಿ, ಎಡಗಡೆ ಒಂದು ಸೆಂ.ಮೀ. ಬಿಟ್ಟು ಎರಡು ಪಿನ್ ಹೊಡೆದು, ಪಿನ್ನಿನ ಮೊನೆಗಳ ಮೇಲೆ ಟೇಪ್ ಅಂಟಿಸಿ. ಕಪ್ಪು-ಬಿಳುಪಿನಲ್ಲಿ ತೆಗೆಯುವುದಾದರೆ ಚಿತ್ರದ ಮೇಲೆಯೇ ಅಕ್ಷರವಿರುವ ಪುಸ್ತಕ ಬೇಡ, ಓದಲಾಗುವುದಿಲ್ಲ. ಪರವಾನಗಿ ಸಿಸಿ ಬೈ 4.0 (ಕ್ರಿಯೇಟಿವ್ ಕಾಮನ್ಸ್‌ನ ಮುಕ್ತ ಪರವಾನಗಿ), ಹಂಚಲು ಅಡ್ಡಿಯಿಲ್ಲ; ಲೇಖಕರು, ಚಿತ್ರಕಾರರ ಹೆಸರಿರುವ ಪುಟವನ್ನು ಮಾತ್ರ ಬಿಡಬೇಡಿ.

ಪುಸ್ತಕ ಮುಚ್ಚಿದ ಮೇಲೆ ಕೈಗೇನು ಕೆಲಸ? ಅದಕ್ಕೆ ಜೊತೆಯಾಗಿ ಅರವಿಂದ ಗುಪ್ತ ಅವರ ಉಚಿತ ಜಾಲತಾಣವಿದೆ, ಕಸದಿಂದ ಆಟಿಕೆ ಮಾಡುವ ವಿಧಾನಗಳ ಕಣಜ. ಐದು ದಾಟಿದವರಿಗೆ ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ (ಗಾಳಿ ತುಂಬುವ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ಕೊಳವೆ) ಆಟಿಕೆ ಒಳ್ಳೆಯ ಶುರು. ಕಡ್ಡಿ ಮರದ್ದೇ ಬೇಕು, ಮೇಣದ್ದು ಬಾಗುತ್ತದೆ. ಮದ್ದನ್ನು ನೀವೇ ಕೆರೆದು ತೆಗೆದು ಕೊಡಿ. ಟ್ಯೂಬನ್ನು ಸುಮಾರು ಒಂದೂವರೆ ಸೆಂ.ಮೀ. ತುಂಡು ಮಾಡಿ, ಎರಡೂ ಬದಿಗೆ ಕಡ್ಡಿ ತೂರಿಸಿದರೆ ಮೂಲೆ ಸಿದ್ಧ. ಮೊದಲು ಚೌಕ ಮಾಡಿಸಿ, ಒತ್ತಲು ಹೇಳಿ: ಓರೆಯಾಗುತ್ತದೆ. ಆಮೇಲೆ ತ್ರಿಕೋನ: ಅಲ್ಲಾಡುವುದಿಲ್ಲ. ಯಾಕೆಂದು ವಿವರಿಸಲು ಹೋಗಬೇಡಿ. ಚೌಕದ ಒಳಗೆ ಇನ್ನೊಂದು ಕಡ್ಡಿ ಹಾಕಿದರೆ ಏನಾಗುತ್ತದೆ ಎಂದಷ್ಟೇ ಕೇಳಿ. ಮೂಲೆಯಿಂದ ಮೂಲೆಗೆ ಅದೇ ಉದ್ದದ ಕಡ್ಡಿ ಮುಟ್ಟುವುದಿಲ್ಲ, ಚೌಕವನ್ನು ವಾಲಿಸಿದಾಗ ಮಾತ್ರ ಕೂರುತ್ತದೆ. ಆಗ ಕಾಣುವುದು ಎರಡು ತ್ರಿಕೋನ. ಒಂದೇ ಮೂಲೆಗೆ ಸೇರುವ ಮೂರನೆಯ ಕಡ್ಡಿಗೆ ಟ್ಯೂಬಿನ ನಡುವೆ ದಬ್ಬಣದಿಂದ ತೂತು ಕೊರೆಯಬೇಕು, ಇದು ದೊಡ್ಡವರ ಕೆಲಸ. ಹಳೆಯ ಟ್ಯೂಬು ಒಣಗಿದ್ದರೆ ಚುಚ್ಚಿದ ಕೂಡಲೇ ಸೀಳುತ್ತದೆ. ಸೈಕಲ್ ಅಂಗಡಿಯಲ್ಲಿ ಹೊಸದನ್ನೇ ಕೇಳಿ.