ರೀಮ್ಯಾಪ್ ಮಾಡಿಸಿದ್ದನ್ನು ಮಿಸ್ತ್ರಿಗೆ ಮುಚ್ಚಿಟ್ಟು 1 ಲಕ್ಷ ಕಳಕೊಂಡೆ

ಒಂದೇ ವರ್ಷದಲ್ಲಿ ನನ್ನ ಕಾರಿನ ಗೇರ್‌ಬಾಕ್ಸ್ ಮೂರು ಸಲ ಕೆಳಗಿಳಿಯಿತು. ಸರಿಯಾಗಿ ನೋಡಿದ್ದರೆ ಒಂದು ಸಲ ಸಾಕಿತ್ತು. ತಪ್ಪು ಅರ್ಧ ಗ್ಯಾರೇಜಿನವರದು, ಇನ್ನರ್ಧ ನನ್ನದು. ಟರ್ಬೊ ಡೀಸೆಲ್ ಗಾಡಿಗೆ ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಫೈಲ್ ಬದಲಾಯಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸಿದವರು, ಮಾಡಿಸಬೇಕು ಅಂತಿರುವವರು ಇದನ್ನೊಮ್ಮೆ ಓದಿ.

ನಮ್ಮೂರು ಗಂಗಾವತಿ. ಗಾಡಿ 2016ರ ಡೀಸೆಲ್ ಸೆಡಾನ್, ಸೆಕೆಂಡ್ ಹ್ಯಾಂಡ್. ಆಗಲೇ 82 ಸಾವಿರ ಕಿಲೋಮೀಟರ್ ಓಡಿತ್ತು. ಕಂಪನಿ ಲೆಕ್ಕದಲ್ಲಿ ಟಾರ್ಕ್, ಅಂದರೆ ಇಂಜಿನ್ನಿನ ತಿರುಗಿಸುವ ಬಲ, 250 ನ್ಯೂಟನ್ ಮೀಟರ್. ದೊಡ್ಡ ಊರಿನಿಂದ ಲ್ಯಾಪ್‌ಟಾಪ್ ಹಿಡಿದು ಬಂದ ಒಬ್ಬ ಮುಕ್ಕಾಲು ತಾಸಿನಲ್ಲಿ ಈಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಫೈಲ್ ಬದಲಾಯಿಸಿದ. 22 ಸಾವಿರ ಎಣಿಸಿಕೊಂಡು "ಈಗ 320 ಆಯ್ತು ಸರ್" ಅಂದ. ಕ್ಲಚ್ ಇದನ್ನು ತಡೆಯುತ್ತಾ ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ನಾಲ್ಕು ತಿಂಗಳು ಮಜವೋ ಮಜ. ಐದನೇ ಗೇರಿನಲ್ಲಿ 1200 ಆರ್‌ಪಿಎಂಗೆ ಬಿದ್ದರೂ ಗಾಡಿ ಎಳೆಯುತ್ತಿತ್ತು. ಗೇರ್ ಇಳಿಸುವುದನ್ನೇ ಬಿಟ್ಟೆ. ಗೆಳೆಯರನ್ನು ಕೂರಿಸಿಕೊಂಡು ಅದನ್ನೇ ತೋರಿಸಿ ಮೆರೆಯುತ್ತಿದ್ದೆ.

ಒಂದು ದಿನ ಮಾವನ ಮನೆಗೆ ಬಳ್ಳಾರಿಗೆ ಹೊರಟಿದ್ದೆವು. ಕಂಪ್ಲಿ ದಾಟಿದ ಮೇಲೆ ಭತ್ತ ಹೇರಿದ ಟ್ರ್ಯಾಕ್ಟರ್ ಸಿಕ್ಕಿತು. ಓವರ್‌ಟೇಕ್ ಮಾಡೋಣ ಅಂತ ಆಕ್ಸಿಲೇಟರ್ ಒತ್ತಿದೆ. ಆರ್‌ಪಿಎಂ ಮುಳ್ಳು 2000ದಿಂದ 3500ಕ್ಕೆ ಹಾರಿತು. ಗಾಡಿ ಮಾತ್ರ ಇದ್ದಷ್ಟೇ ವೇಗದಲ್ಲಿ. ಎದುರಿಗೆ ಲಾರಿ. ಹೇಗೋ ಮತ್ತೆ ಟ್ರ್ಯಾಕ್ಟರ್ ಹಿಂದೆ ಸೇರಿಕೊಂಡೆ. ಗಾಡಿ ತುಂಬ ಸುಟ್ಟ ವಾಸನೆ. ಹೆಂಡತಿ ಕುರುಗೋಡಿನವರೆಗೆ ಒಂದು ಮಾತೂ ಆಡಲಿಲ್ಲ.

ಬಳ್ಳಾರಿಯಲ್ಲೇ ಒಂದು ದೊಡ್ಡ ವರ್ಕ್‌ಶಾಪಿಗೆ ಬಿಟ್ಟೆ. ಕ್ಲಚ್ ಹೋಗಿದೆ ಅಂದರು, ಅದು ನಿಜವೇ. ಟ್ಯೂನ್, ಅಂದರೆ ರೀಮ್ಯಾಪ್ ವಿಷಯ ಅವರು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಹೇಳಿದರೆ ಎಲ್ಲಾ ತಪ್ಪನ್ನೂ ನನ್ನ ತಲೆಗೇ ಕಟ್ಟುತ್ತಾರೆ ಅಂತ ಹೆದರಿಕೆ. ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಸೇರಿ 26 ಸಾವಿರ. ಇಂಜಿನ್ನಿಗೂ ಕ್ಲಚ್ಚಿಗೂ ನಡುವಿನ ಭಾರದ ಚಕ್ರ ತೋರಿಸಿ "ಫ್ಲೈವೀಲ್ ಚೆನ್ನಾಗಿದೆ" ಅಂದರು. ಹಳೇ ಸಾಮಾನು ನಾನು ಕೇಳಿ ತರಬೇಕಿತ್ತು. ಹಳೇ ಪ್ಲೇಟ್ ಎಣ್ಣೆಯಲ್ಲಿ ನೆಂದಿದ್ದರೆ ಆಯಿಲ್ ಸೀಲ್ ಸೋರುತ್ತಿದೆ ಅಂತ ಅರ್ಥ. ಒಣಗಿ ಸುಟ್ಟಿದ್ದರೆ ಕ್ಲಚ್ ಮೇಲೆ ಹೊರೆ ಜಾಸ್ತಿಯಾಗಿದೆ ಅಂತ. ನೋಡಲು ಎರಡು ನಿಮಿಷ ಸಾಕಿತ್ತು.

ಸ್ಲಿಪ್, ಅಂದರೆ ಕ್ಲಚ್ ಜಾರುವುದು ನಿಂತಿತು. ಆದರೆ ನಿಂತಲ್ಲಿ ಇಂಜಿನ್ ಟಕಟಕ ಅನ್ನುತ್ತಿತ್ತು. ಕೀ ತಿರುಗಿಸಿ ಆಫ್ ಮಾಡಿದರೆ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲುಗಾಡಿಸಿದಂತೆ ಗಡಗಡ. ಫೋನ್ ಮಾಡಿದರೆ "ಹೊಸ ಕ್ಲಚ್ ಸರ್, ಸ್ವಲ್ಪ ಓಡಿಸಿ, ಸರಿಹೋಗುತ್ತೆ" ಅಂದರು. ಹೊಸ ಪ್ಲೇಟ್ ಕೂತುಕೊಳ್ಳಲು ಕೆಲವು ನೂರು ಕಿಲೋಮೀಟರ್ ಬೇಕು ನಿಜ. ಆದರೆ ಅದಕ್ಕೂ ಈ ಸದ್ದಿಗೂ ಸಂಬಂಧವಿಲ್ಲ.

ಎರಡನೇ ಗ್ಯಾರೇಜಿನವರು ಒಂದು ಪರೀಕ್ಷೆ ಮಾಡಿದರು. ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿದರೆ ಸದ್ದು ನಿಲ್ಲುತ್ತಿತ್ತು, ಬಿಟ್ಟರೆ ಬರುತ್ತಿತ್ತು. "ಗೇರ್‌ಬಾಕ್ಸ್ ಬೇರಿಂಗ್" ಅಂದರು. ಪುಸ್ತಕದ ಪ್ರಕಾರ ತಪ್ಪಲ್ಲ. ಒತ್ತಿದಾಗ ಸದ್ದು ಬಂದರೆ ಕ್ಲಚ್ಚಿನ ರಿಲೀಸ್ ಬೇರಿಂಗ್, ಬಿಟ್ಟಾಗ ಬಂದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಅಂತಲೇ ಎಲ್ಲರೂ ಹೇಳುವುದು. ಆದರೆ ಫ್ಲೈವೀಲ್ ಸತ್ತಿದ್ದರೂ ಹೀಗೇ ಆಗುತ್ತದೆ! ಇಂಜಿನ್ನಿನ ಝಟಕಾ ನೇರವಾಗಿ ಗೇರ್‌ಬಾಕ್ಸಿಗೆ ಹೋಗಿ ಒಳಗಿನ ಹಲ್ಲುಗಳು ಒಂದಕ್ಕೊಂದು ಬಡಿಯುತ್ತವೆ. ಕ್ಲಚ್ ಒತ್ತಿದರೆ ಆ ಹೊಡೆತ ತಪ್ಪುತ್ತದೆ, ಸದ್ದೂ ನಿಲ್ಲುತ್ತದೆ. ಇದು ಗೊತ್ತಿಲ್ಲದೆ ಬೇರಿಂಗ್ ಬದಲಾಯಿಸಿದರು. ಜೊತೆಗೆ ಫ್ಲೈವೀಲನ್ನು ಲೇಥ್‌ಗೆ ಕೊಟ್ಟು ಮಟ್ಟ ಮಾಡಿಸಿದರು. 21 ಸಾವಿರ. ಸದ್ದು ಹಾಗೇ ಇತ್ತು. ಮೇಲಾಗಿ ಈಗ ಗಾಡಿ ಹೊರಡುವಾಗ ಗಡಗಡ ನಡುಗಲು ಶುರುವಾಯಿತು.

ಮೂರನೆಯವರು ನಮ್ಮೂರಿನ ಹಳೇ ಮಿಸ್ತ್ರಿ. ಎಲ್ಲರೂ ಚಾಚಾ ಅಂತಾರೆ. ಬಾನೆಟ್ ಎತ್ತುವ ಮೊದಲೇ ಆಫ್ ಮಾಡಿಸಿ ಸದ್ದು ಕೇಳಿದರು. ಆಮೇಲೆ ನನ್ನ ಮುಖ ನೋಡಿ, "ತಮ್ಮಾ, ಖರೇ ಹೇಳು. ಗಾಡಿಗೆ ಏನರ ಮಾಡ್ಸೀಯೇನು?" ಅಂದರು.

"ಹೌದು ಚಾಚಾ, ಟ್ಯೂನ್ ಮಾಡ್ಸೀನಿ."

"ಮೊದ್ಲೇ ಹೇಳಿದ್ರ ನಿನ್ನ ರೊಕ್ಕ ಉಳೀತಿತ್ತಲ್ಲೋ."

ಆದರೂ ಅವರು ತಕ್ಷಣ ಪಾನಾ ಹಿಡಿಯಲಿಲ್ಲ. ಮೊದಲು ಸ್ಕ್ಯಾನರ್ ಹಾಕಿ, ಇಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರ್ ನೋಡಿದರು. ಒಂದು ಇಂಜೆಕ್ಟರ್ ಸರಿ ಇಲ್ಲದಿದ್ದರೂ ಇಂಜಿನ್ ಕುಂಟುತ್ತದೆ, ಸದ್ದು ಇದೇ ಥರ ಇರುತ್ತದೆ. ಅವು ಸರಿ ಇದ್ದವು. ಇಂಜಿನ್ ಮೌಂಟ್ ನೋಡಿದರು. ಆಮೇಲೆ ಖಾಲಿ ರಸ್ತೆಗೆ ಹೋಗಿ, ನಾಲ್ಕನೇ ಗೇರಿನಲ್ಲಿ 1500ರ ಹತ್ತಿರದಿಂದ ಪೂರ್ತಿ ಒತ್ತಿದರು. ಸ್ಲಿಪ್ ಇಲ್ಲ, ಆದರೆ ಪೆಡಲ್‌ವರೆಗೂ ನಡುಕ. ಇಷ್ಟಾದ ಮೇಲೆಯೇ ಗೇರ್‌ಬಾಕ್ಸ್ ಇಳಿಸಿದ್ದು.

ಇಂಥ ಗಾಡಿಯಲ್ಲಿ ಇರುವುದು ಡ್ಯುಯಲ್ ಮಾಸ್ ಫ್ಲೈವೀಲ್. ಒಂದಲ್ಲ, ಎರಡು ಚಕ್ರ. ನಡುವೆ ಗ್ರೀಸಿನಲ್ಲಿ ಕೂತ ಬಿಲ್ಲಿನಂಥ ಸ್ಪ್ರಿಂಗ್‌ಗಳು. ಡೀಸೆಲ್ ಇಂಜಿನ್ನಿನ ಹೊಡೆತವನ್ನು ಅವು ನುಂಗಿಕೊಳ್ಳುತ್ತವೆ. ಹೊರಗಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದರೆ ಸ್ವಲ್ಪ ಆಡಬೇಕು, ಸ್ಪ್ರಿಂಗ್ ತಡೆಯಬೇಕು. ಎಷ್ಟು ಆಡಬಹುದು ಅನ್ನುವುದಕ್ಕೆ ಒಂದೊಂದು ಮಾಡೆಲ್‌ಗೂ ಒಂದೊಂದು ಅಳತೆ ಇರುತ್ತದೆ. ನನ್ನದು ಹಳೇ ಬಾಗಿಲಿನಂತೆ ಲಡಲಡ ಆಡಿತು. ಅಳತೆ ಬೇಕಾಗಲೇ ಇಲ್ಲ. ಮೈಮೇಲೆ ನೀಲಿ ಸುಟ್ಟ ಕಲೆ. ಗ್ರೀಸ್ ಹೊರಗೆ ಎರಚಿತ್ತು. ಈ ಥರದ್ದನ್ನು ಲೇಥ್‌ಗೆ ಕೊಡುವಂತೆಯೇ ಇಲ್ಲವಂತೆ. ಮಟ್ಟ ಮಾಡುವುದೆಲ್ಲ ಒಂದೇ ಗಟ್ಟಿ ಚಕ್ರದ ಹಳೇ ಫ್ಲೈವೀಲಿಗೆ.

ಕಡಿಮೆ ಆರ್‌ಪಿಎಂನಲ್ಲಿ ಜಾಸ್ತಿ ಟಾರ್ಕ್ ಬಿದ್ದರೆ ಆ ಸ್ಪ್ರಿಂಗ್‌ಗಳಿಗೆ ಜೋರು ಪೆಟ್ಟು ಬೀಳುತ್ತದೆ. ನಾನು ಐದನೇ ಗೇರಿನಲ್ಲಿ ಮೆರೆದದ್ದು ನೆನಪಾಯಿತು.

ಗೆಳೆಯನೊಬ್ಬ ಗಟ್ಟಿ ಫ್ಲೈವೀಲ್ ಹಾಕಿಸು, ಅಗ್ಗ ಅಂದ. ಚಾಚಾ ಬೇಡ ಅಂದರು. ಅದಕ್ಕೆ ಸ್ಪ್ರಿಂಗ್ ಇರುವ ಬೇರೆ ಕ್ಲಚ್ ಪ್ಲೇಟ್ ಬೇಕು, ಅಷ್ಟಾದರೂ ಸದ್ದು ಹೆಚ್ಚುತ್ತದೆ, ಹೊಡೆತ ಗೇರ್‌ಬಾಕ್ಸಿಗೆ ಬೀಳುತ್ತದೆ. ಹೊಸ ಡ್ಯುಯಲ್ ಮಾಸ್, ಹೊಸ ಬೋಲ್ಟ್, ಕ್ರ್ಯಾಂಕ್ ಸೀಲ್, ಮತ್ತೆ ಕ್ಲಚ್ ಸೆಟ್. 58 ಸಾವಿರ. ರಿಪೇರಿಗೇ ಒಟ್ಟು 1,05,000. ಟ್ಯೂನಿನ 22 ಸಾವಿರ ಬೇರೆ.

ಇನ್ನೊಂದು ಗೋಳು. ಮೂಲ ಫೈಲ್ ವಾಪಸ್ ಹಾಕಿಸಬೇಕು ಅಂದರೆ ಲ್ಯಾಪ್‌ಟಾಪಿನವನು ಫೋನ್ ಎತ್ತಲೇ ಇಲ್ಲ. ದುಡ್ಡು ಕೊಡುವ ಮೊದಲೇ ಮೂಲ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ನಾನು ಬೇರೆ ಕಡೆ ಅಲೆದು ಮೂಲ ಫೈಲ್ ಹಾಕಿಸಿಕೊಂಡೆ.

ಈಗ ಗಾಡಿ ಮತ್ತೆ 250ರಲ್ಲೇ ಇದೆ. ಕಂಪ್ಲಿ ರಸ್ತೆಯಲ್ಲಿ ಟ್ರ್ಯಾಕ್ಟರ್ ಸಿಕ್ಕರೆ ಮೂರನೇ ಗೇರಿಗೆ ಇಳಿಸುತ್ತೇನೆ.