ಗೇಜ್ ಇಲ್ಲದ ಹಳ್ಳಕ್ಕೂ ನೆರೆಯ ಲೆಕ್ಕ: ಸ್ಟ್ರೀಮ್‌ಸ್ಟ್ಯಾಟ್ಸ್ ಹೇಗಿದೆ?

ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ನೆರೆ ನಕ್ಷೆಗಳಿಗೆ ನೀರಿನ ಲೆಕ್ಕ ಹಾಕುವುದು ನನ್ನ ಕೆಲಸ. ಅಲ್ಲಿನ ಸರ್ಕಾರಿ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್‌ನವರ ಸ್ಟ್ರೀಮ್‌ಸ್ಟ್ಯಾಟ್ಸ್ ಎಂಬ ಜಾಲತಾಣ ತೆರೆಯದೆ ನನ್ನ ಕೆಲಸ ಸಾಗುವುದೇ ಇಲ್ಲ. ದುಡ್ಡು ಕೊಡಬೇಕಿಲ್ಲ, ಬ್ರೌಸರ್ ಇದ್ದರೆ ಸಾಕು. ಹರಿವು ಅಳೆಯುವ ಗೇಜ್ ಇಲ್ಲದ ಹಳ್ಳದಲ್ಲೂ ನೂರು ವರ್ಷದ ನೆರೆ, ಅಂದರೆ ಯಾವುದೇ ವರ್ಷ ಬರುವ ಸಾಧ್ಯತೆ ಶೇ. 1 ಇರುವ ನೆರೆ, ಎಷ್ಟಿರಬಹುದು ಎಂದು ಕೆಲವೇ ನಿಮಿಷಗಳಲ್ಲಿ ಹೇಳುತ್ತದೆ. ಉತ್ತರ ಬರುವುದು ಕ್ಯೂಸೆಕ್‌ನಲ್ಲಿ. ಕೆಆರ್‌ಎಸ್ ಒಳಹರಿವಿನ ಸುದ್ದಿ ಓದುವವರಿಗೆ ಪರಿಚಿತ ಲೆಕ್ಕವೇ.

ದಾವಣಗೆರೆಯಲ್ಲಿ ಸಿವಿಲ್ ಓದುವಾಗ ನೆರೆಯ ಗರಿಷ್ಠ ಹರಿವು ಅಂದಾಜಿಸಲು ನಾವು ಕಲಿತದ್ದು ರೈವ್ಸ್ ಸೂತ್ರ. ಜಲಾನಯನದ, ಅಂದರೆ ಹಳ್ಳಕ್ಕೆ ನೀರು ಹರಿದು ಬರುವ ನೆಲದ, ವಿಸ್ತೀರ್ಣ ಹಾಕು, ಕರಾವಳಿಯಿಂದ 80 ಕಿ.ಮೀ. ಒಳಗಿದ್ದರೆ ಗುಣಾಂಕ 6.8, ಗುಡ್ಡದ ಬುಡದಲ್ಲಾದರೆ 10.2, ಅಷ್ಟೇ. ಸ್ಟ್ರೀಮ್‌ಸ್ಟ್ಯಾಟ್ಸ್‌ನಲ್ಲಿ ಆ ಗುಣಾಂಕದ ಜಾಗದಲ್ಲಿ ನೂರಾರು ಗೇಜ್‌ಗಳ ದಾಖಲೆಯಿಂದ ತೆಗೆದ ಸಮೀಕರಣಗಳಿವೆ. ಪೀಡ್‌ಮಾಂಟ್, ಬ್ಲೂ ರಿಜ್, ಸ್ಯಾಂಡ್ ಹಿಲ್ಸ್, ಕರಾವಳಿ ಬಯಲು ಎಂದು ನೆಲದ ಗುಣ ನೋಡಿ ಪ್ರದೇಶ ವಿಂಗಡಿಸಿದ್ದಾರೆ. ಪೀಡ್‌ಮಾಂಟಿನ ಕೆಂಪು ಜೇಡಿಮಣ್ಣಿನ ಮೇಲೆ ಹರಿದುಹೋಗುವ ಮಳೆಯನ್ನು ಸ್ಯಾಂಡ್ ಹಿಲ್ಸ್‌ನ ಮರಳು ಕುಡಿದುಬಿಡುತ್ತದೆ. ಹಾಗಾಗಿ ಅಷ್ಟೇ ವಿಸ್ತೀರ್ಣದ ಎರಡು ಹಳ್ಳಗಳ ನೆರೆಯಲ್ಲಿ ಅಜಗಜಾಂತರ.

ಬಳಸುವಾಗ ಒಂದು ಎಚ್ಚರ ಬೇಕು. ನಕ್ಷೆಯನ್ನು ಹತ್ತಿರಕ್ಕೆ ಎಳೆದಾಗ ಹಳ್ಳದ ಉದ್ದಕ್ಕೂ ಚಿಕ್ಕ ಚಿಕ್ಕ ನೀಲಿ ಚೌಕಗಳು ಮೂಡುತ್ತವೆ. ಕ್ಲಿಕ್ ಮಾಡುವುದು ಆ ಚೌಕದ ಮೇಲೆಯೇ ಆಗಬೇಕು. ಒಂದು ಚೌಕ ಪಕ್ಕಕ್ಕೆ ಸರಿದರೂ ಇಡೀ ಜಲಾನಯನದ ಬದಲು ದಡದ ಒಂದು ತುಣುಕು ಇಳಿಜಾರು ಮಾತ್ರ ಬರುತ್ತದೆ. ಜಲಾನಯನದ ಗಡಿ ಬಂದ ಮೇಲೂ ಹೆದ್ದಾರಿಯ ಏರಿ, ಮೋರಿ ಇರುವ ಕಡೆ ಕಣ್ಣಿಟ್ಟು ನೋಡಿ. ಚಪ್ಪಟೆ ನೆಲದಲ್ಲಿ ನೀರು ಮೋರಿ ದಾಟಿ ಯಾವ ಕಡೆ ಹೋಗುತ್ತದೆಂದು ಎತ್ತರದ ದತ್ತಾಂಶಕ್ಕೆ ತಿಳಿಯದಿರಬಹುದು. ಗಡಿ ತಿದ್ದುವ ಸೌಲಭ್ಯವನ್ನು ಅದರಲ್ಲೇ ಕೊಟ್ಟಿದ್ದಾರೆ.

ನನಗೆ ಇದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದಾಗಿ ಕಾಣುವುದು ಅಂದಾಜಿನ ಪಕ್ಕದ ಎರಡು ಕಾಲಂ: ಕೆಳಮಿತಿ, ಮೇಲ್ಮಿತಿ. ನಿಜವಾದ ನೆರೆ ಬಹುಶಃ ಇವೆರಡರ ನಡುವೆ ಎಲ್ಲೋ ಇರುತ್ತದೆ. ಶೇ. 1ರ ನೆರೆಗೆ ಮೇಲ್ಮಿತಿ ಎಷ್ಟೋ ಸಲ ಅಂದಾಜಿನ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ವರದಿಗಳಲ್ಲಿ ಮಾತ್ರ ನಡುವಿನ ಸಂಖ್ಯೆಯೊಂದೇ ಉಳಿದು, ಅದೇ ನಕ್ಷೆಯಲ್ಲಿ ಗೆರೆಯಾಗುತ್ತದೆ. ಗೆರೆಯಿಂದ ಹತ್ತಡಿ ಆಚೆ ಮನೆ ಇರುವವರು ತಮಗೇನೂ ಆಗದೆಂದು ನಿಶ್ಚಿಂತೆಯಿಂದ ಇರುತ್ತಾರೆ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ. ಸ್ಥೂಲ ನಕ್ಷೆಗೂ ಮೇಲ್ಮಿತಿಯಲ್ಲಿ ಒಮ್ಮೆ ಲೆಕ್ಕ ಓಡಿಸಿ, ನೀರು ಎಲ್ಲಿಯವರೆಗೆ ಹರಡುತ್ತದೆಂದು ನೋಡಲೇಬೇಕು.

ಅಣೆಕಟ್ಟಿನ ಕೆಳಗೆ ಈ ಸಮೀಕರಣಗಳನ್ನು ನಂಬಬೇಡಿ. ಲೇಕ್ ಕ್ರ್ಯಾಬ್‌ಟ್ರೀ ನೆರೆ ತಡೆಯಲೆಂದೇ ಕಟ್ಟಿದ ಕೆರೆ. ಅಲ್ಲಿಂದ ರಾಜ್ಯದ ರಾಜಧಾನಿ ರಾಲಿ ಕಡೆ ಹರಿಯುವ ನೀರಿಗೆ ಬೇರೆಯದೇ ಮಾದರಿ ಬೇಕು. ನಗರದ ಹಳ್ಳಗಳಿಗೆ ಡಾಂಬರು-ಕಾಂಕ್ರೀಟಿನ ಪಾಲನ್ನೂ ಸೇರಿಸಿದ ಸಮೀಕರಣಗಳಿವೆ, ಆದರೆ ಆ ಪಾಲು ಯಾವ ವರ್ಷದ ಭೂಬಳಕೆ ನಕ್ಷೆಯದೆಂದು ನೋಡಿಕೊಳ್ಳಿ. ರಾಲಿ ಹತ್ತಿರದ ಮಾರಿಸ್‌ವಿಲ್ ಊರಿನ ಕಡೆ ಆಮೇಲೆ ಎದ್ದ ಬಡಾವಣೆ ಅದರಲ್ಲಿ ಇರುವುದಿಲ್ಲ.

1999ರ ಫ್ಲಾಯ್ಡ್ ಚಂಡಮಾರುತದ ನಂತರ ಈ ರಾಜ್ಯ ತನ್ನ ನಕ್ಷೆಗಳನ್ನು ನದಿ ಜಲಾನಯನವಾರು ಹೊಸದಾಗಿ ಮಾಡಿಸಿತು. ನ್ಯೂಸ್, ಟಾರ್-ಪ್ಯಾಮ್ಲಿಕೊ, ಲಂಬರ್ ಮೊದಲ ಸಾಲಿನಲ್ಲಿದ್ದವು. ಇಷ್ಟಾದರೂ ಅಮೆರಿಕದ ಎಷ್ಟೋ ಹಳ್ಳಗಳು ನೆರೆ ನಕ್ಷೆಗಳಲ್ಲಿ ಇನ್ನೂ ‘ಝೋನ್ ಎ’ ಆಗಿಯೇ ಇವೆ, ಅಂದರೆ ನೆರೆಯ ಹರವು ಮಾತ್ರ ಗುರುತಿಸಿ ನೀರಿನ ಮಟ್ಟ ಕೊಡದ ಜಾಗ. ಕ್ಯಾರಿ, ಮಾರಿಸ್‌ವಿಲ್‌ನಲ್ಲಿ ಹಳ್ಳದ ಪಕ್ಕ ಮನೆ ನೋಡುತ್ತಿರುವ ನಮ್ಮವರಿಗೆ ನಾನು ಹೇಳುವುದು: ಮುಂಗಡ ಕೊಡುವ ಮೊದಲು ಆ ಹಳ್ಳದ ಮೇಲೆ ನೀವೇ ಒಮ್ಮೆ ಕ್ಲಿಕ್ ಮಾಡಿ, ಮೇಲ್ಮಿತಿಯ ಕಾಲಂ ಓದಿ, ಆ ಹಾಳೆ ಹಿಡಿದು ಊರಿನ ನೆರೆ ವಿಭಾಗದವರನ್ನು ಕೇಳಿ.