ಪ್ಲಿನಿ ದಿ ಎಲ್ಡರ್: ಬಾಟಲಿ ಎತ್ತುವ ಮೊದಲು ತಾರೀಖು ನೋಡಿ

ಒಳ್ಳೆ ಬಿಯರ್. ದುಡ್ಡು ಕೊಟ್ಟು ಕುಡಿಯಬಹುದು. ಆದರೆ ಬಾಟಲಿ ಮೇಲೆ ಅಚ್ಚಾದ ತಾರೀಖು ನೋಡದೆ ಕೊಂಡರೆ ಈ ಮಾತಿಗೆ ನಾನು ಜವಾಬ್ದಾರ ಅಲ್ಲ.

ರಷ್ಯನ್ ರಿವರ್ ಬ್ರೂವಿಂಗ್ ಕಂಪನಿ ಅಂತ, ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ ಸುಮಾರು 90 ಕಿಲೋಮೀಟರ್ ದೂರದ ಸ್ಯಾಂಟಾ ರೋಸಾ ಊರಿನವರು. ಅವರ ‘ಪ್ಲಿನಿ ದಿ ಎಲ್ಡರ್’ ಹೆಸರು ಬೇ ಏರಿಯಾಕ್ಕೆ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಊರುಗಳಿಗೆ, ಬಂದ ಸ್ವಲ್ಪ ದಿನಕ್ಕೇ ಕಿವಿಗೆ ಬೀಳುತ್ತದೆ. ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವವರ ಪತ್ರಿಕೆ ಒಂದಿದೆ, ‘ಝೈಮರ್ಜಿ’ ಅಂತ. ಅದರ ಓದುಗರು 2009ರಿಂದ 2016ರವರೆಗೆ ಪ್ರತಿ ವರ್ಷ ಇದಕ್ಕೇ ದೇಶದ ಮೊದಲ ಸ್ಥಾನ ಕೊಟ್ಟರು. ಇಷ್ಟು ಕೇಳಿದ ಮೇಲೆ ಯಾರಿಗಾದರೂ ಆಸೆ ಆಗುತ್ತದೆ. ಆಮೇಲೆ ಯಾವುದೋ ಅಂಗಡಿಯಿಂದ ಒಂದು ಬಾಟಲಿ ತಂದು ಕುಡಿದು, ‘ಇದೇನು ಮಾರಾಯ, ಬರೀ ಕಹಿ, ಇದಕ್ಕಾ ಇಷ್ಟು ಗಲಾಟೆ’ ಅನ್ನುತ್ತಾರೆ. ನಮ್ಮ ಕನ್ನಡದ ಗೆಳೆಯರ ಬಾಯಲ್ಲಿ ಈ ಮಾತು ತುಂಬಾ ಸಲ ಕೇಳಿದ್ದೇನೆ. ಅವರ ನಾಲಿಗೆಯಲ್ಲಿ ತಪ್ಪಿಲ್ಲ. ಬಾಟಲಿ ಹಳೇದಾಗಿತ್ತು, ಅಷ್ಟೇ.

ಮೊದಲು ‘ಸ್ಟ್ರಾಂಗ್’ ಅನ್ನುವುದರ ಬಗ್ಗೆ ಸ್ವಲ್ಪ. ನಮ್ಮೂರಲ್ಲಿ ಸ್ಟ್ರಾಂಗ್ ಬಿಯರ್ ಅಂದರೆ ಲೆಕ್ಕ ಬೇರೆ. ಕಿಂಗ್‌ಫಿಶರ್ ಸ್ಟ್ರಾಂಗ್ ತರುವವನು ರುಚಿ ನೋಡಲಿಕ್ಕೆ ತರುವುದಿಲ್ಲ, ಕಡಿಮೆ ದುಡ್ಡಿಗೆ ಬೇಗ ಏರಲಿ ಅಂತ ತರುತ್ತಾನೆ. ಅದಕ್ಕೇ ಅದನ್ನು ಐಸ್ ಆಗುವ ಹಾಗೆ ತಣ್ಣಗೆ ಮಾಡಿ ಗಟಗಟ ಇಳಿಸುವುದು. ಅದರ ಲೇಬಲ್ ಪ್ರಕಾರ ಆಲ್ಕೋಹಾಲ್ 8 ಪರ್ಸೆಂಟ್ ಒಳಗೆ. ಪ್ಲಿನಿಯದು ಸರಿಯಾಗಿ 8. ಅಂಕಿ ಹೆಚ್ಚು ಕಡಿಮೆ ಅಲ್ಲಿಗೇ ಬಂತು, ಆದರೆ ಕುಡಿಯುವಾಗ ಎರಡಕ್ಕೂ ಸಂಬಂಧವೇ ಇಲ್ಲ. ಒಂದರಲ್ಲಿ ಸ್ಪಿರಿಟ್ ವಾಸನೆ ಮೊದಲ ಗುಟುಕಿಗೇ ಮೂಗಿಗೆ ಹೊಡೆಯುತ್ತದೆ, ಇನ್ನೊಂದರಲ್ಲಿ ಆಲ್ಕೋಹಾಲ್ ಎಲ್ಲಿದೆ ಅಂತ ಹುಡುಕಬೇಕು. ಅರ್ಧ ಬಾಟಲಿ ಆದ ಮೇಲೆ ಅದೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ, ಆ ಮಾತು ಬೇರೆ.

ಬಾಟಲಿ 510 ಮಿಲಿಲೀಟರ್. ಕಂದು ಗಾಜು, ಹಸಿರು ಲೇಬಲ್, ನಡುವೆ ಕೆಂಪು ವೃತ್ತ. ಲೇಬಲ್ ಸುತ್ತ ಚಿಕ್ಕ ಅಕ್ಷರದಲ್ಲಿ ಒಂದಷ್ಟು ಬರೆದಿದ್ದಾರೆ, ದಯವಿಟ್ಟು ಓದಿ, ಮಜಾ ಇದೆ. ತಣ್ಣಗೆ ಇಡಿ, ತಾಜಾ ಇದ್ದಾಗಲೇ ಕುಡಿಯಿರಿ, ಇಲ್ಲವಾದರೆ ಕುಡಿಯಲೇ ಬೇಡಿ, ಪ್ಲಿನಿ ಇತಿಹಾಸದ ವ್ಯಕ್ತಿ, ಈ ಬಾಟಲಿಯನ್ನೂ ಇತಿಹಾಸ ಮಾಡಬೇಡಿ ಅನ್ನುವ ಧಾಟಿಯಲ್ಲಿ ಬೈಗುಳದ ಹಾಗೆ ಸಾಗುತ್ತದೆ. ಪ್ಲಿನಿ ಯಾರು ಅಂದರೆ, ರೋಮಿನವನು, ಪ್ರಕೃತಿಯ ಬಗ್ಗೆ ದೊಡ್ಡ ದೊಡ್ಡ ಸಂಪುಟ ಬರೆದವನು, ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಟ್ಟ ಬೆಂಕಿ ಉಗುಳಿದಾಗ ಸತ್ತವನು. ಬಿಯರಿಗೆ ಕಹಿ, ಪರಿಮಳ ಕೊಡುವ ಹಾಪ್ಸ್ ಬಳ್ಳಿಯ ಬಗ್ಗೆ ಮೊದಲು ಬರೆದವನು ಇವನೇ ಅಂತ ಹಳೇ ನಂಬಿಕೆ. ಅದು ಪೂರ್ತಿ ನಿಜವೇ ಅಂತ ವಿದ್ವಾಂಸರು ಜಗಳ ಆಡುತ್ತಾರೆ. ಬಿಯರ್‌ಗೆ ಹೆಸರಿಡಲು ಅಷ್ಟು ಸಾಕು ಬಿಡಿ.

ಈಗ ಗ್ಲಾಸಿಗೆ ಹಾಕೋಣ. ಫ್ರೀಜರ್‌ನಲ್ಲಿಟ್ಟ ಗ್ಲಾಸ್ ಬೇಡ. ಫ್ರಿಜ್ಜಿನಿಂದ ತೆಗೆದು ಐದು ಹತ್ತು ನಿಮಿಷ ಹೊರಗಿಟ್ಟರೆ ಒಳ್ಳೆಯದು, ತೀರಾ ತಣ್ಣಗಿದ್ದರೆ ಪರಿಮಳ ಬರುವುದಿಲ್ಲ. ಬಣ್ಣ ತಿಳಿ ಬಂಗಾರ, ಆಚೆ ಕೂತವರ ಮುಖ ಕಾಣುವಷ್ಟು ತಿಳಿ. ಮೇಲೆ ಬಿಳಿ ನೊರೆ, ಬೇಗ ಇಳಿಯುವುದಿಲ್ಲ. ಮೂಗು ಹತ್ತಿರ ತಂದರೆ ಮೊದಲು ಬರುವುದು ಪೈನ್ ಮರದ ಅಂಟಿನ ವಾಸನೆ. ಹಿಂದೆಯೇ ಸಿಟ್ರಸ್. ಇಲ್ಲಿನವರು ಗ್ರೇಪ್‌ಫ್ರೂಟ್ ಅನ್ನುತ್ತಾರೆ. ದೇವನಹಳ್ಳಿ ಕಡೆಯ ಚಕ್ಕೋತ ಸುಲಿದು ಗೊತ್ತಿದ್ದವರಿಗೆ ಬೇರೆ ವಿವರಣೆ ಬೇಡ. ತೊಳೆಯ ರಸದ್ದಲ್ಲ, ಉಗುರಿಗೆ ಅಂಟುತ್ತದಲ್ಲ, ಆ ಸಿಪ್ಪೆಯ ಎಣ್ಣೆಯ ವಾಸನೆ. ಅದರ ಕೆಳಗೆ ಸ್ವಲ್ಪ ಹಸಿ ಸೊಪ್ಪಿನ, ಒಂಚೂರು ಗಾಂಜಾದ ಹಾಗಿನ ಘಾಟು. ಅದಕ್ಕೆ ಗಾಬರಿ ಬೇಡ, ಹಾಪ್ಸ್ ಮತ್ತು ಗಾಂಜಾ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಟುಂಬದವು. ನಶೆ ವಿಷಯದಲ್ಲಿ ಮಾತ್ರ ನೆಂಟಸ್ತಿಕೆ ಇಲ್ಲ.

ಬಾಯಿಗೆ ಇಟ್ಟರೆ ಮೊದಲ ಕ್ಷಣ ಹಣ್ಣಿನ ರುಚಿ, ಬ್ರೆಡ್ಡಿನಂಥ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಒಂದು ಸಣ್ಣ ನೆರಳು. ತಕ್ಷಣ ಕಹಿ ಬರುತ್ತದೆ. ಜೋರಾಗಿಯೇ ಬರುತ್ತದೆ. ಆದರೆ ಬಂದ ಹಾಗೆಯೇ ಹೋಗುತ್ತದೆ. ಗಂಟಲಿನ ಹಿಂದೆ ಒರಟಾಗಿ ಕೂರುವುದಿಲ್ಲ, ನಾಲಿಗೆ ಒಣಗಿಸಿ ಇನ್ನೊಂದು ಗುಟುಕು ಬೇಕು ಅನ್ನಿಸಿ ಬಿಡುತ್ತದೆ. ಹಾಗಲಕಾಯಿ ಗೊಜ್ಜು ಇಷ್ಟಪಡುವವರಿಗೆ ಈ ಕಹಿ ಕಷ್ಟವೇ ಅಲ್ಲ, ಅಲ್ಲಿ ಬೆಲ್ಲ ಹುಣಸೆ ಸೇರಿ ಕಹಿಯನ್ನು ಹಿಡಿತದಲ್ಲಿ ಇಡುವ ಹಾಗೆ ಇಲ್ಲಿ ಹಾಪ್ಸಿನ ಪರಿಮಳವೇ ಆ ಕೆಲಸ ಮಾಡುತ್ತದೆ. ಸಿಹಿ ಮಾತ್ರ ಇಲ್ಲವೇ ಇಲ್ಲ ಅನ್ನಬೇಕು.

ಈ ಸಿಹಿ ಇಲ್ಲದಿರುವುದೇ ನನ್ನ ಪ್ರಕಾರ ಈ ಬಿಯರಿನ ನಿಜವಾದ ಕಸುಬು. 8 ಪರ್ಸೆಂಟ್ ಬರಬೇಕಾದರೆ ಯೀಸ್ಟಿಗೆ ತಿನ್ನಲು ತುಂಬಾ ಸಕ್ಕರೆ ಬೇಕು. ಎಲ್ಲವನ್ನೂ ಮಾಲ್ಟಿನಿಂದಲೇ ತೆಗೆದರೆ ಯೀಸ್ಟ್ ತಿನ್ನಲಾಗದ ಸಕ್ಕರೆಯೂ ಹಿಂದೆ ಉಳಿಯುತ್ತದೆ, ಬಿಯರ್ ಮಂದವಾಗಿ ಜೋನಿಬೆಲ್ಲದ ಕಡೆಗೆ ವಾಲುತ್ತದೆ. ಹಾಪ್ಸ್ ಜಾಸ್ತಿ ಹಾಕಿದ ಕಹಿ ಬಿಯರಿಗೆ ಐಪಿಎ ಅನ್ನುತ್ತಾರೆ, ಅದರ ಇನ್ನೂ ಜೋರಾದ ರೂಪ ಡಬಲ್ ಐಪಿಎ, ಪ್ಲಿನಿಯೂ ಅದೇ ಜಾತಿ. ಎಷ್ಟೋ ಡಬಲ್ ಐಪಿಎಗಳ ಹಣೆಬರಹ ಇದೇ, ಅರ್ಧ ಗ್ಲಾಸಿಗೆ ಸಾಕಪ್ಪಾ ಅನ್ನಿಸುತ್ತದೆ. ಪ್ಲಿನಿಯಲ್ಲಿ ಮಾಲ್ಟಿನ ಜೊತೆ ಡೆಕ್ಸ್‌ಟ್ರೋಸ್ ಸಕ್ಕರೆ ಸೇರಿಸುತ್ತಾರೆ. ಯೀಸ್ಟ್ ಅದನ್ನು ಪೂರ್ತಿ ತಿಂದು ಮುಗಿಸುತ್ತದೆ, ಆಲ್ಕೋಹಾಲ್ ಏರುತ್ತದೆ, ಮೈ ಮಾತ್ರ ಹಗುರವಾಗಿಯೇ ಉಳಿಯುತ್ತದೆ. ‘ಸಕ್ಕರೆ ಹಾಕಿದ್ದಾರಂತೆ, ಮೋಸ’ ಅಂತ ಮೂಗು ಮುರಿಯುವವರು ಇದ್ದಾರೆ. ಸುಮ್ನೆ ಮಾತು. ಆ ಸಕ್ಕರೆ ಇಲ್ಲದಿದ್ದರೆ ಇದು ಕುಡಿಯಲಾಗದ ಗಂಜಿ ಆಗುತ್ತಿತ್ತು.

ಹಾಪ್ಸಿನ ಲೆಕ್ಕವೂ ಹಾಗೇ. ಕುದಿಯುವ ನೀರಿಗೆ ಮೊದಲೇ ಹಾಕಿದರೆ ಕಹಿ ಬಿಡುತ್ತದೆ, ಪರಿಮಳವೆಲ್ಲ ಆವಿಯಾಗಿ ಹೋಗುತ್ತದೆ. ಕೊನೆಗೆ ಹಾಕಿದರೆ ಪರಿಮಳ ಉಳಿಯುತ್ತದೆ. ಹುದುಗು ಮುಗಿದ ಮೇಲೆ, ಕುದಿಸದೆ, ಹಾಗೇ ನೆನೆಹಾಕಿದರೆ ಮೂಗಿಗೆ ಸಿಗುವ ಆ ಚಕ್ಕೋತ, ಪೈನ್ ಎಲ್ಲ ಬರುತ್ತದೆ. ಇದಕ್ಕೆ ಡ್ರೈ ಹಾಪಿಂಗ್ ಅನ್ನುತ್ತಾರೆ. ಪ್ಲಿನಿಗೆ ಮೂರೂ ಹಂತದಲ್ಲಿ ಧಾರಾಳವಾಗಿ ಹಾಕುತ್ತಾರೆ. ಸಿಮ್ಕೋ, ಸೆಂಟೆನಿಯಲ್, ಅಮರಿಲ್ಲೋ, ಕೊಲಂಬಸ್ ಇದರ ಹಾಪ್ಸ್ ತಳಿಗಳು. ಪೈನ್ ವಾಸನೆಗೆ ಸಿಮ್ಕೋ, ಘಾಟಿಗೆ ಕೊಲಂಬಸ್ ಕಾರಣ ಅಂತ ಇಟ್ಟುಕೊಳ್ಳಿ, ತೀರಾ ತಪ್ಪಾಗಲಾರದು.

ಕಷ್ಟ ಏನೆಂದರೆ, ಈ ಪರಿಮಳದ ಎಣ್ಣೆಗಳಿಗೆ ಆಯಸ್ಸು ಕಡಿಮೆ. ಆಮ್ಲಜನಕ, ಬಿಸಿ, ಬೆಳಕು ಮೂರೂ ಶತ್ರುಗಳು. ಎರಡು ತಿಂಗಳು ಬೆಚ್ಚಗಿನ ಶೆಲ್ಫಿನಲ್ಲಿ ಕೂತ ಬಾಟಲಿ ತೆಗೆದರೆ ಪರಿಮಳ ಸತ್ತಿರುತ್ತದೆ, ಕಹಿ ಮಾತ್ರ ಉಳಿದಿರುತ್ತದೆ, ಜೊತೆಗೆ ಒದ್ದೆ ರಟ್ಟಿನ ಥರ ಒಂದು ರುಚಿ. ನಮ್ಮ ಮನೆ ಹತ್ತಿರದ ಒಂದು ಅಂಗಡಿಯಲ್ಲಿ ಇದನ್ನು ಕಿಟಕಿ ಪಕ್ಕ, ಬಿಸಿಲು ಬೀಳುವ ಜಾಗದಲ್ಲಿ ಅಲಂಕಾರಕ್ಕೆ ಜೋಡಿಸಿದ್ದರು. ಬೆಲೆಯಲ್ಲಿ ಒಂದು ಸೆಂಟೂ ಕಡಿಮೆ ಇಲ್ಲ. ‘ಅಣ್ಣಾ, ಇದು ಫ್ರಿಜ್ಜಿನಲ್ಲಿ ಇರಬೇಕಾದ್ದು’ ಅಂದರೆ, ‘ಬೇಡಿಕೆ ಇದೆ, ಹೋಗುತ್ತೆ ಬಿಡಿ’ ಅಂದ ಆ ಪಂಜಾಬಿ ಅಣ್ಣ, ಹಿಂದಿಯಲ್ಲಿ. ಹೋಗುತ್ತೆ, ನಿಜ. ಕುಡಿದವನು ಬೈಯುವುದು ಅಂಗಡಿಯವನನ್ನಲ್ಲ, ಬಿಯರನ್ನು. ಹಾಗಾಗಿ ನನ್ನ ನಿಯಮ ಸರಳ. ಬಾಟಲಿ ತುಂಬಿದ ತಾರೀಖಿನಿಂದ ಒಂದು ತಿಂಗಳ ಒಳಗಿದ್ದು ಫ್ರಿಜ್ಜಿನಲ್ಲಿದ್ದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ಅದರಾಚೆ ಹೋಗಿದ್ದರೆ ಬೇರೆ ಏನಾದರೂ ನೋಡಿ.

ಇದರ ಹುಟ್ಟಿನ ಕಥೆಯೂ ನಮ್ಮವರು ತುಂಬಿಕೊಂಡಿರುವ ಫ್ರೀಮಾಂಟಿಗೆ ಹತ್ತಿರದ್ದೇ. ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಹೇವರ್ಡ್ ಊರಿನಲ್ಲಿ ‘ದಿ ಬಿಸ್ಟ್ರೋ’ ಅಂತ ಒಂದು ಬಾರ್. ಅವರು 2000ರಲ್ಲಿ ಡಬಲ್ ಐಪಿಎ ಹಬ್ಬ ಮಾಡಿದಾಗ ಅದಕ್ಕಾಗಿ ರಷ್ಯನ್ ರಿವರ್‌ನ ವಿನ್ನಿ ಸಿಲುರ್ಜೋ ಮಾಡಿದ ಬಿಯರ್ ಇದು. ವಿನ್ನಿ ಅದಕ್ಕೂ ಮೊದಲು, 1994ರಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾದಲ್ಲಿ ಬ್ಲೈಂಡ್ ಪಿಗ್ ಅನ್ನುವ ಬ್ರೂವರಿಯಲ್ಲಿದ್ದಾಗಲೇ ಇಂಥದ್ದೊಂದನ್ನು ಮಾಡಿದ್ದರು, ಮಾರಾಟಕ್ಕೆ ಬಂದ ಮೊದಲ ಡಬಲ್ ಐಪಿಎ ಅದೇ ಅಂತ ಹೆಚ್ಚಿನವರು ಒಪ್ಪುತ್ತಾರೆ. ಪ್ಲಿನಿ ಹುಟ್ಟಿದಾಗ ರಷ್ಯನ್ ರಿವರ್ ಕೋರ್ಬೆಲ್ ಶಾಂಪೇನ್ ಕಂಪನಿಯ ಕೈಯಲ್ಲಿತ್ತು. ಕೋರ್ಬೆಲ್‌ನವರು 2003ರಲ್ಲಿ ಬಿಯರ್ ಸಹವಾಸ ಬೇಡ ಅಂದಾಗ ವಿನ್ನಿ ಮತ್ತು ಹೆಂಡತಿ ನ್ಯಾಟಲಿ ಅದನ್ನು ತಾವೇ ತೆಗೆದುಕೊಂಡು, 2004ರಲ್ಲಿ ಸ್ಯಾಂಟಾ ರೋಸಾದಲ್ಲಿ ಪಬ್ ತೆರೆದರು.

ಆ ಪಬ್ಬಿಗೇ ಹೋಗಿ ಕುಡಿದರೆ ಬಾಟಲಿ ತಾರೀಖಿನ ತಲೆನೋವೇ ಇಲ್ಲ. ನಲ್ಲಿಯಿಂದ ಬರುವ ಪ್ಲಿನಿಗೂ ಅಂಗಡಿಯ ಪ್ಲಿನಿಗೂ ವ್ಯತ್ಯಾಸ ಒಂದು ಗುಟುಕಿಗೇ ಗೊತ್ತಾಗುತ್ತದೆ. ವಾರದ ಕೊನೆಯಲ್ಲಿ ಗಿಜಿಗಿಜಿ, ಸದ್ದು ಜಾಸ್ತಿ. ಮಂಗಳವಾರ ಬುಧವಾರ ಮಧ್ಯಾಹ್ನ ಹೋಗಿ. ಪಿಜ್ಜಾ ಪರವಾಗಿಲ್ಲ, ಚೀಸ್ ಹಾಕಿ ಸುಟ್ಟ ಹಿಟ್ಟಿನ ತುಂಡು ‘ಬಿಯರ್ ಬೈಟ್ಸ್’ ಚೆನ್ನಾಗಿದೆ, ಸಸ್ಯಾಹಾರಿಗಳೂ ಬದುಕಬಹುದು. ಕಾರ್ ಮಾತ್ರ ಬೇಡ. ಒಂದು ಬಾಟಲಿ ಪ್ಲಿನಿ ಅಂದರೆ 5 ಪರ್ಸೆಂಟಿನ ಮಾಮೂಲಿ ಕ್ಯಾನ್ ಎರಡಕ್ಕಿಂತ ಜಾಸ್ತಿ, ಹಗುರ ಅನ್ನಿಸುವುದರಿಂದ ಲೆಕ್ಕ ತಪ್ಪುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಲಾರ್ಕ್‌ಸ್ಪರ್‌ಗೆ ಫೆರಿ, ಅಲ್ಲಿಂದ ಸ್ಯಾಂಟಾ ರೋಸಾಗೆ ‘ಸ್ಮಾರ್ಟ್’ ಅನ್ನುವ ಹೆಸರಿನ ರೈಲು, ಇಳಿದು ನಡೆದೇ ಹೋಗಬಹುದು. ದಾರಿ ಉದ್ದ, ಆದರೆ ವಾಪಸ್ ಬರುವಾಗ ನಿದ್ದೆ ಮಾಡಬಹುದಲ್ವಾ.

ಇದರ ತಮ್ಮನ ಹಾಗೆ ‘ಪ್ಲಿನಿ ದಿ ಯಂಗರ್’ ಅಂತ ಒಂದಿದೆ, 2005ರಲ್ಲಿ ಶುರುವಾದದ್ದು, ಈಗ ವರ್ಷಕ್ಕೆ ಎರಡು ವಾರ ಮಾತ್ರ ಸಿಗುತ್ತದೆ, 10.25 ಪರ್ಸೆಂಟ್. ಅದಕ್ಕೆ ಜನ ಬೆಳಗಿನ ಜಾವದಿಂದ ಕ್ಯೂ ನಿಲ್ಲುತ್ತಾರೆ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ತಿರುಪತಿಯಲ್ಲಿ ನಿಲ್ಲುವಷ್ಟು ಹೊತ್ತು ಬಿಯರಿಗೆ ನಿಲ್ಲುವ ಭಕ್ತಿ ನನಗಿಲ್ಲ. ನಿಜ ಹೇಳಬೇಕೆಂದರೆ ಇವರದೇ ಬ್ಲೈಂಡ್ ಪಿಗ್ ಐಪಿಎ, 6.25 ಪರ್ಸೆಂಟಿನದು, ದಿನಬಳಕೆಗೆ ಪ್ಲಿನಿಗಿಂತ ಒಂದು ಕೈ ಮೇಲು. ಎರಡು ಕುಡಿದು ಎದ್ದು ನಿಂತು ಮಾತಾಡಬಹುದು.

ಈಗಿನ ಹುಡುಗರಿಗೆ ಪ್ಲಿನಿ ಹಳೇ ಕಾಲದ್ದು ಅನ್ನಿಸಬಹುದು. ಅವರಿಗೆ ಬೇಕಾದ್ದು ಮಬ್ಬು ಮಬ್ಬಾದ, ಮಾವಿನ ರಸದ ಹಾಗೆ ಕಾಣುವ ಹೇಝಿ ಐಪಿಎ. ವರ್ಮಾಂಟಿನ ಹೆಡಿ ಟಾಪರ್ ಆ ದಾರಿ ಹಾಕಿಕೊಟ್ಟಿತು, ಅದೂ 8 ಪರ್ಸೆಂಟ್. ಅದರಲ್ಲಿ ಕಹಿ ಮೆತ್ತಗೆ, ಬಾಯಿ ತುಂಬಾ ಹಣ್ಣು. ನನಗೆ ಒಂದು ಗ್ಲಾಸ್ ಆದ ಮೇಲೆ ಹೇಝಿ ಬೇಸರ ಬರುತ್ತದೆ. ಪ್ಲಿನಿಯಲ್ಲೂ ದೋಷ ಇದೆ: ಗ್ಲಾಸಿನಲ್ಲಿ ಬೆಚ್ಚಗಾಗುತ್ತಾ ಬಂದಂತೆ ಕೊನೆಯ ಕಾಲು ಭಾಗದಲ್ಲಿ ಹಸಿ ಈರುಳ್ಳಿಯ ವಾಸನೆ ಮೇಲೇಳುತ್ತದೆ. ಇಬ್ಬರು ಹಂಚಿಕೊಂಡರೆ ಅದು ಬರುವಷ್ಟರಲ್ಲಿ ಬಾಟಲಿ ಖಾಲಿ.

ಜೊತೆಗೆ ತಿನ್ನಲು ಖಾರದ್ದು ಬೇಡ. ಮೆಣಸಿನಕಾಯಿ ಬಜ್ಜಿ, ಆಂಧ್ರ ಚಿಲ್ಲಿ ಚಿಕನ್ ಇಟ್ಟುಕೊಂಡರೆ ಕಹಿಯೂ ಆಲ್ಕೋಹಾಲೂ ಸೇರಿ ಖಾರವನ್ನು ಎರಡರಷ್ಟು ಮಾಡುತ್ತವೆ, ಬಾಯಿ ಉರಿಯುವುದರಲ್ಲಿ ಬಿಯರ್ ಕಾಣೆಯಾಗುತ್ತದೆ. ನಿಪ್ಪಟ್ಟು, ಕೋಡುಬಳೆ, ಉಪ್ಪು ಕಡಲೆಕಾಯಿ, ಎಣ್ಣೆ ಜಿಡ್ಡಿರುವ ಯಾವುದಾದರೂ ಸರಿ.

ಊರಿಗೆ ಹೋಗುವಾಗ ತರಲಾ ಅಂತ ಕೇಳುವವರಿಗೆ: ಬೇಡ. ಕಸ್ಟಮ್ಸಿನಲ್ಲಿ ಸುಂಕ ಇಲ್ಲದೆ ಬಿಡುವುದು ಎರಡು ಲೀಟರ್, ನಾಲ್ಕು ಬಾಟಲಿ ಪ್ಲಿನಿ ಆದರೆ 2,040 ಮಿಲಿಲೀಟರ್, ನಾಲ್ಕನೆಯದು ಅಲ್ಲೇ ತಕರಾರು. ಅದು ಹೋಗಲಿ, ದಾರಿಯಲ್ಲಿ ಬಿಸಿಲು, ಮನೆಯಲ್ಲಿ ‘ಒಳ್ಳೆ ದಿನಕ್ಕೆ ಇರಲಿ’ ಅಂತ ಭಾವನವರ ಶೋಕೇಸಿನಲ್ಲಿ ಆರು ತಿಂಗಳು. ಬೆಂಗಳೂರಿನಲ್ಲಿ ಇರುವವರು ಯಾವುದಾದರೂ ಒಳ್ಳೆ ಮೈಕ್ರೋಬ್ರೂವರಿಗೆ ಹೋಗಿ, ಐಪಿಎ ಯಾವಾಗ ಟ್ಯಾಂಕಿಗೆ ಬಂತು ಅಂತ ವಿಚಾರಿಸಿ, ಹೊಸದಾದರೆ ಅದನ್ನೇ ಕುಡಿಯಲಿ. ಆ ಎರಡು ಲೀಟರಿಗೆ ಬರ್ಬನ್ ವಿಸ್ಕಿ ತನ್ನಿ, ಅದು ಶೋಕೇಸಿನಲ್ಲಿ ಕೂತರೂ ಕೆಡುವುದಿಲ್ಲ.